ಅಕ್ಕನ ನಡಿಗೆಯ ವೇಗ

ನನ್ನ ನಡಿಗೆಯ ಬಗ್ಗೆ ನನಗೆ ತುಸು ಜಂಬವಿತ್ತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಿವಮೊಗ್ಗದಲ್ಲಿ ಗಣಿತದ ಮೇಷ್ಟ್ರಾಗಿದ್ದಷ್ಟು ಕಾಲವೂ ಗಂಟೆ ಹೊಡೆಯುವ ಮುಂಚೆ ತರಗತಿಯಲ್ಲಿರುತ್ತಿದ್ದವನು ನಾನು. ಅಂಥವನಿಗೆ ಈಚೆಗೊಂದು ಬೆಳಗ್ಗೆ ವಾಕಿಂಗ್‌ನಲ್ಲಿ ಹೆಂಡತಿ ಹಿಂತಿರುಗಿ, "ಏನ್ರೀ, ನಿಮ್ಮನ್ನ ಕಾಯೋದೇ ನಂಗೊಂದು ಕೆಲ್ಸ ಆಯ್ತು" ಅಂದಳು.

ಇದನ್ನು ಹೇಳಿದಾಗ ನಮ್ಮ ಡಾಕ್ಟರಮ್ಮ ನಕ್ಕು ತಳ್ಳಿಹಾಕಲಿಲ್ಲ. ವಯಸ್ಸಾದವರ ನಡಿಗೆ ನಿಧಾನವಾಗುತ್ತ ಬಂದರೆ ಕೆಲವೊಮ್ಮೆ ಅದು ಮರೆವಿನ ಕಾಯಿಲೆಯ ಮುನ್ಸೂಚನೆಯೂ ಇರಬಹುದಂತೆ. ನಡೆಯುವುದು ಕಾಲಾದರೂ ನಡೆಸುವುದು ಮಿದುಳೇ ತಾನೆ! ಕಾರಿಡಾರಿನಲ್ಲಿ ನಡೆದು ತೋರಿಸಿ ಎಂದರು. ಪರೀಕ್ಷೆ ಎಂದಮೇಲೆ ಬಿಡುವುದುಂಟೆ? ಉಸಿರು ಬಿಗಿಹಿಡಿದು ದಾಪುಗಾಲು ಹಾಕಿದೆ.

"ಮೇಷ್ಟ್ರೇ, ಕಾಪಿ ಹೊಡೀಬೇಡಿ. ದಿನಾ ಹೆಂಗೆ ನಡೀತೀರೋ ಹಂಗೇ ನಡೀರಿ."

ನಡೆದೆ. ವಯಸ್ಸಿಗೆ ತಕ್ಕ ಹಾಗಿದೆ ಎಂದು ಪಾಸು ಮಾಡಿದರು. ಪಾಸಾದದ್ದೇ ತಡ, ಊರಿನವರ ಕಾಲನ್ನೆಲ್ಲ ಮೌಲ್ಯಮಾಪನ ಮಾಡುವ ಚಟ ಹತ್ತಿತು.

ಆ ಭಾನುವಾರ ಭದ್ರಾವತಿಗೆ ಅಕ್ಕನ ಮನೆಗೆ ಹೋದೆ. ಭಾವ ಕಾರ್ಖಾನೆಯಲ್ಲಿದ್ದ ಕಾಲದಲ್ಲಿ ಶಿಫ್ಟಿನ ಸೈರನ್ ಕೂಗುವುದರೊಳಗೆ ಸಂತೆ ಮುಗಿಸಿ ಬರುತ್ತಿದ್ದವಳು ಆಕೆ. ಅವತ್ತು ತರಕಾರಿ ಅಂಗಡಿ ಮುಟ್ಟುವಷ್ಟರಲ್ಲಿ ನಾನು ಎರಡು ಸಲ ನಿಂತು ಕಾಯಬೇಕಾಯಿತು. ಅಂಗಡಿಯ ಮುಂದೆ ನಿಂತು ಅವಳು, "ಏನು ತಗೊಳಕ್ಕೆ ಬಂದ್ವೋ?" ಅಂದಳು. ಡಾಕ್ಟರಮ್ಮ ಹೇಳಿದ ಮರೆವಿನ ಮಾತು ನೆನಪಾಯಿತು.

"ಕಾಲು ನೋವಾ ಅಕ್ಕ?"

"ನೋವಿಲ್ಲ ಮಾರಾಯ. ಹತ್ತಿ ಮೇಲೆ ನಡೆದಂಗಾಗತ್ತೆ. ವಯಸ್ಸಾಯ್ತಲ್ಲ."

ಡಾಕ್ಟರ ಹತ್ತಿರ ಹೋಗೋಣ ಎಂದದ್ದಕ್ಕೆ, "ನಂಗೇನು ತಲೆ ಕೆಟ್ಟಿದ್ಯಾ?" ಎಂದು ಮುಖ ತಿರುಗಿಸಿದಳು. ಎರಡು ದಿನ ಫೋನೂ ಎತ್ತಲಿಲ್ಲ. ಮೂರನೆಯ ದಿನ ಎತ್ತಿದಾಗ, ಕಾರಿಡಾರಿನಲ್ಲಿ ನಾನು ಕಾಪಿ ಹೊಡೆದ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ನಕ್ಕವಳು ಶಿವಮೊಗ್ಗದ ಬಸ್ಸು ಹತ್ತಿದಳು.

ರಕ್ತಪರೀಕ್ಷೆಯಲ್ಲಿ ಬಿ ಹನ್ನೆರಡು ವಿಟಮಿನ್ ತಳಮುಟ್ಟಿದ್ದು ಗೊತ್ತಾಯಿತು. "ನಡಿಗೆಗೂ ಮರೆವಿಗೂ ಇದೇ ಕಾರಣ. ನಿಧಾನ ಆದೋರಿಗೆಲ್ಲ ಇಷ್ಟು ಸುಲಭದ ಕಾರಣ ಸಿಗಲ್ಲ. ನಿಮ್ಮದು ಇಂಜೆಕ್ಷನ್ನಿಗೆ ಬಗ್ಗೋ ಹಂಗಿದೆ. ಒಳ್ಳೇ ಟೈಮಿಗೆ ಬಂದ್ರಿ" ಎಂದರು ಡಾಕ್ಟರಮ್ಮ.

ಕೆಲವು ತಿಂಗಳಲ್ಲಿ ಅಕ್ಕನ ಹೆಜ್ಜೆಗೆ ನೆಲ ಸಿಕ್ಕಿತು, ಮಾತಿಗೆ ಮೊನೆ ಬಂತು. ಈಗ ಪ್ರತಿ ಭಾನುವಾರ ನಾವಿಬ್ಬರೂ ಭದ್ರಾವತಿಯಲ್ಲಿ ಒಂದು ಸುತ್ತು ನಡೆಯುತ್ತೇವೆ. ವೇಗ ಅಷ್ಟಕ್ಕಷ್ಟೇ. ಹಳೆಯದನ್ನೆಲ್ಲ ನೆನೆಯುತ್ತ ಹೋಗುವಾಗ ನಿಂತೇ ಮುಗಿಸಬೇಕಾದ ಮಾತುಗಳೂ ಬರುತ್ತವೆ.

ಮೊನ್ನೆ ಹಾಗೆ ನಿಂತಾಗ ಅಕ್ಕ ನನ್ನ ಭುಜಕ್ಕೊಂದು ಏಟು ಕೊಟ್ಟಳು.

"ಬರೋದೇನೋ ಬಾ. ಆದ್ರೆ ನನ್ನ ಕಾಲು ನೋಡ್ಕೊಂಡು ಬರಬೇಡ ಮಾರಾಯ. ಮುಖ ನೋಡಿ ಮಾತಾಡು."