ಕಟ್ಟೆ ಕಿತ್ತವರು ಯಾರು

ಪಶ್ಚಿಮ ಲಂಡನ್ನಿನಲ್ಲಿ ನಮ್ಮದು ನೆಲಮಹಡಿಯ ಫ್ಲ್ಯಾಟ್. ಹಿಂದೆಯೇ ಒಂದು ತೊರೆ. ಬಂದ ಎರಡನೆಯ ವರ್ಷವೇ ಅದು ಉಕ್ಕಿ ಒಳಗೆ ನುಗ್ಗಿ, ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿದ್ದ ನನ್ನ ಧಾರೆ ಸೀರೆ ಹಾಳಾಯಿತು. ಅಂದಿನಿಂದ ಮೋಡ ಕವಿದರೆ ಸಾಕು, ನನ್ನ ಕಣ್ಣು ಹಿಂಬಾಗಿಲ ಮೇಲೆ.

ಇಂಥಲ್ಲಿ ಕೌನ್ಸಿಲ್‌ನವರು ತೊರೆಯ ಮೇಲ್ಭಾಗಕ್ಕೆ ಬೀವರ್‌ಗಳ ಒಂದು ಸಂಸಾರವನ್ನು ತಂದು ಬಿಟ್ಟರು. ಹಲ್ಲಿನಿಂದಲೇ ಮರ ಕಡಿದು ನೀರಿಗೆ ಕಟ್ಟೆ ಹಾಕುವ ಪ್ರಾಣಿ. ಕಟ್ಟೆಯ ಹಿಂದಿನ ಜೌಗಿನಲ್ಲಿ ನೀರು ನಿಲ್ಲುತ್ತದೆ, ಕೆಳಗಿನ ಮನೆಗಳಿಗೆ ಪ್ರವಾಹದ ಕಾಟ ತಗ್ಗುತ್ತದೆ ಎಂದು ಸಭೆ ಕರೆದು ಹೇಳಿದರು. ನಾನು ನಂಬಲಿಲ್ಲ. ಮಳೆಗೆ ಮುಂಚೆ ಮೋರಿಯ ಕಸ ತೆಗೆಸದಿದ್ದರೆ ನೀರು ಮನೆಗೇ ಬರುತ್ತದೆ ಎಂಬುದು ಬೆಂಗಳೂರಿನಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಇಲ್ಲಿ ನೋಡಿದರೆ ಮೋರಿ ಮುಚ್ಚಿಸುವುದಕ್ಕೇ ಪ್ರಾಣಿ ತರಿಸಿದ್ದರು.

ಒಂದು ಕಣ್ಣಿಟ್ಟಿರೋಣವೆಂದು ಕಟ್ಟೆ ಕಾಯುವ ಸ್ವಯಂಸೇವಕರ ಗುಂಪಿಗೆ ಸೇರಿದೆ. ಗುಂಪಿನ ಮುಖ್ಯಸ್ಥೆ ನಿವೃತ್ತ ನರ್ಸ್, ಸದಾ ನಗುಮುಖ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂದುಕೊಂಡೆ. ಆಕೆಯ ಮನೆ ದಿಬ್ಬದ ಮೇಲಿತ್ತು, ನಗದೆ ಏನು?

ಅಕ್ಟೋಬರಿನಲ್ಲೊಂದು ದಿನ ಭಾರಿ ಮಳೆಯ ಎಚ್ಚರಿಕೆ ಬಂತು. ಬೆಳಿಗ್ಗೆ ರಬ್ಬರ್ ಬೂಟು ಹಾಕಿಕೊಂಡು ಒಬ್ಬಳೇ ಹೋಗಿ, ಕಟ್ಟೆಯ ನಡುವಿನ ಕೊಂಬೆಗಳನ್ನು ಕಿತ್ತು ದಡಕ್ಕೆಸೆದೆ. ಬೇಲಿಯೇ ಎದ್ದು ಹೊಲ ಮೇಯಿತು. ನೀರು ಧುಮುಕಿ ಹರಿದದ್ದು ನೋಡಿ ಹಾಯೆನಿಸಿತು.

ಮಧ್ಯಾಹ್ನ ಮಳೆ ಹಿಡಿಯಿತು. ಸಂಜೆಯ ಹೊತ್ತಿಗೆ ಮಳೆ ನೀರಿನ ಜೊತೆ ಕಟ್ಟೆ ತಡೆದಿಟ್ಟಿದ್ದ ನೀರೂ ಸೇರಿ ಅಡುಗೆಮನೆಯಲ್ಲಿ ಕಾಲು ಮುಳುಗುವಷ್ಟು ನಿಂತಿತು.

"ನೀನ್ ಹೇಳ್ದಂಗೇ ಆಯ್ತು ನೋಡು," ಎಂದು ನನ್ನ ಗಂಡ ಲ್ಯಾಪ್‌ಟಾಪ್ ತೆರೆದರು. "ಆ ಪ್ರಾಣಿಗಳನ್ನ ಇಲ್ಲಿಂದ ಎತ್ಕೊಂಡ್ ಹೋಗಿ ಅಂತ ಈಗ್ಲೇ ಕೌನ್ಸಿಲ್‌ಗೆ ಬರೀತೀನಿ."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ದಿಬ್ಬದ ಮೇಲಿನ ನರ್ಸಮ್ಮ ಬಕೆಟ್ಟು, ಮಾಪು ಹಿಡಿದು ನಿಂತಿದ್ದರು. ಏನೂ ಕೇಳದೆ ಒಳಗೆ ಬಂದು ನನ್ನ ಜೊತೆ ನೀರು ಬಳಿಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, "ಕಟ್ಟೇನ ಯಾರೋ ಕಿತ್ತಿದ್ದಾರೆ. ದಿನಾ ಅಷ್ಟು ಚೆನ್ನಾಗಿ ಗಮನಿಸೋರು ನೀವೇ. ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?" ಎಂದರು.

ನನ್ನ ಬೂಟು ಬಾಗಿಲ ಬಳಿಯೇ ಇತ್ತು, ಕಟ್ಟೆಯ ಕೆಸರು ಮೆತ್ತಿಕೊಂಡು.

"ಬರೀಬೇಡಿ," ಎಂದೆ ಗಂಡನಿಗೆ. "ಕಿತ್ತಿದ್ದು ನಾನು."