ಸ್ಟೇಟಸ್ಸು ಮತ್ತು ನೀರಿನ ಮೋಟಾರು

ಬರೆಯುವುದು ಕಷ್ಟ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಬರೆಯುವುದು ಒಂದು ಭಾನುವಾರದ ಕೆಲಸ. ಬರೆದಿದ್ದೇನೆ ಎಂದು ಊರಿಗೆ ತಿಳಿಸುವುದಕ್ಕೆ ಉಳಿದ ವಾರವೆಲ್ಲ ಬೇಕು. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ನೋಡಿಕೊಳ್ಳುವ ನಾನು, ಸಂಜೆ ಹೂಡಿಯ ಬಾಡಿಗೆ ಮನೆಗೆ ಬಂದ ಮೇಲೆ ಒಬ್ಬ ಲೇಖಕಿಯ ಬ್ಲಾಗ್ ನೋಡಿಕೊಳ್ಳುತ್ತೇನೆ. ಆ ಲೇಖಕಿಯೂ ನಾನೇ ಆದ್ದರಿಂದ ಸಂಬಳ ಕೇಳುವಂತಿಲ್ಲ.

"ಓದುಗರ ಕಣ್ಣಿಗೆ ಬೀಳ್ತಾ ಇರ್ಬೇಕು ಮೇಡಂ" ಎಂದು ಪರಿಚಯದ ಪ್ರಕಾಶಕರೊಬ್ಬರು ಹೇಳಿದ್ದರು. ಬಿದ್ದು ನೋಡಿದೆ. ಪುಸ್ತಕದ ಪಕ್ಕ ಕಾಫಿ ಲೋಟ ಇಟ್ಟು ಫೋಟೊ ಹಾಕಿದರೆ, ಲೋಟ ಎಲ್ಲಿ ಕೊಂಡಿರಿ ಎಂದು ಜನ ಕೇಳಿದರು. ತಾರಸಿಯ ಮೇಲೆ ನಿಂತು ರೀಲ್ಸ್ ಮಾಡಿದರೆ, ನನ್ನ ಗಂಭೀರವಾದ ಮಾತಿನ ನಡುವೆ ನೀರಿನ ಟ್ಯಾಂಕರಿನವನು ಹಾರ್ನ್ ಹೊಡೆದ. ಕೊನೆಗೆ ನನ್ನ ಯೋಗ್ಯತೆಗೆ ಹೊಂದಿದ್ದು ವಾಟ್ಸಾಪ್ ಸ್ಟೇಟಸ್. ಬ್ಲಾಗಿನ ಲಿಂಕ್ ಹಾಕಿದರೆ ಆಯಿತು, ಪರಿಚಯದವರೆಲ್ಲ ನೋಡುತ್ತಾರೆ.

ತೊಡಕಿದ್ದದ್ದೂ ಅಲ್ಲೇ. ಪ್ರಬಂಧ ಬರೆಯುವವರಿಗೆ ಬೇರೆ ಬಂಡವಾಳ ಏನಿದೆ? ಸುತ್ತಲಿನವರನ್ನೇ ಸ್ವಲ್ಪ ಹುರಿದು, ಉಪ್ಪು ಖಾರ ಹಾಕಿ ಬಡಿಸಬೇಕು. ನಮ್ಮ ಓನರ್ ರಾಜಮ್ಮನವರ ಬಗ್ಗೆ ಬರೆದೆ. ಹಿಂದೆ ಇದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದವರು ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ, ಆದರೆ ಸೊಪ್ಪಿಗೆ ಹಾಯಿಸಿದಷ್ಟು ನೀರನ್ನು ನಮಗೆ ಹಾಯಿಸುವುದಿಲ್ಲ, ನಾನು ತಲೆಗೆ ಸೀಗೆಪುಡಿ ಹಚ್ಚುವ ಗಳಿಗೆ ನೋಡಿಯೇ ಮೋಟಾರ್ ಆರಿಸುವ ಜಿಪುಣಿ ಎಂದು. "ಬರೀ ಎರಡು ಮಾತು" ಎಂದು ಮೀಟಿಂಗ್ ಶುರು ಮಾಡಿ ಊಟದ ಹೊತ್ತನ್ನು ನುಂಗುವ ನಮ್ಮ ಮ್ಯಾನೇಜರ್ ಬಗ್ಗೆ ಇನ್ನೊಂದು ಬರೆದೆ. ಬಂದಾಗಲೆಲ್ಲ ಸೈಟ್ ತಗೋ ಎಂದು ಉಪದೇಶ ಮಾಡುವ ಭಾವನ ಬಗ್ಗೆ ಮತ್ತೊಂದು. ಈ ಮೂವರು ಓದಿದರೆ ಮನೆ, ಕೆಲಸ, ಅಕ್ಕನ ಮನೆಯ ಹಬ್ಬದೂಟ ಮೂರಕ್ಕೂ ಸಂಚಕಾರ. ಸ್ಟೇಟಸ್ಸು ಯಾರಿಗೆ ಕಾಣಬಾರದೋ ಅವರ ಹೆಸರನ್ನು ಗುರುತು ಮಾಡುವ ಅನುಕೂಲ ಫೋನಿನಲ್ಲಿದೆ. ಮೂವರ ಹೆಸರನ್ನೂ ಗುರುತು ಮಾಡಿ ನಿಶ್ಚಿಂತೆಯಿಂದ ಬರೆಯತೊಡಗಿದೆ.

ಆಮೇಲೆ ಬರೀ ಮೌನ. ಗೆಳತಿಯರು ಸೀರೆಯ ಬಗ್ಗೆ, ಮಕ್ಕಳ ಪರೀಕ್ಷೆಯ ಬಗ್ಗೆ ಮಾತಾಡುತ್ತಿದ್ದರೇ ಹೊರತು ನನ್ನ ಬ್ಲಾಗಿನ ಸುದ್ದಿ ಎತ್ತಲಿಲ್ಲ. ಓದಿದಿರಾ ಎಂದು ನಾನಾಗಿ ಕೇಳುವುದಕ್ಕೆ ಅಭಿಮಾನ ಅಡ್ಡ ಬಂತು. ಯಾರು ನೋಡಿದ್ದಾರೆಂದು ಫೋನೇ ತೋರಿಸಬಹುದಿತ್ತು. ಆದರೆ ಇತರರ ಸ್ಟೇಟಸ್ಸನ್ನು ಗುಟ್ಟಾಗಿ ನೋಡುವ ಆಸೆಯಿಂದ ನಾನು ನೀಲಿ ಟಿಕ್ಕನ್ನು ತೆಗೆಸಿಬಿಟ್ಟಿದ್ದೆ. ಹಾಗೆ ಮಾಡಿದರೆ ನಮ್ಮದನ್ನು ನೋಡಿದವರೂ ನಮಗೆ ಕಾಣುವುದಿಲ್ಲ. ಒಳ್ಳೆಯ ಓದುಗನಿಗೆ ನಮ್ಮ ಹಿಂದಿನವರು ಸಹೃದಯ ಎಂದು ಹೆಸರಿಟ್ಟರು. ಅವನು ಓದಿದನೋ ಇಲ್ಲವೋ ಎಂದು ತಿಳಿಯುವ ಉಪಾಯವನ್ನು ಮಾತ್ರ ಹೇಳಲಿಲ್ಲ. ಬ್ಲಾಗಿನ ಲೆಕ್ಕದಲ್ಲಿ ಬೆರಳೆಣಿಕೆಯ ಜನ ಬಂದುಹೋದ ಗುರುತಿತ್ತು. ಅದು ನಾನೇ ಮತ್ತೆ ಮತ್ತೆ ತೆರೆದು ನೋಡಿದ್ದಿರಬೇಕು ಎಂದುಕೊಂಡೆ. ಬೇಸರವಾಯಿತು, ನಿಜವಾಗಿ ಬೇಸರವಾಯಿತು. ಯುಗಾದಿಗೆ ಬ್ಲಾಗ್ ಮುಚ್ಚಿಬಿಡುವುದೆಂದು ನಿಶ್ಚಯಿಸಿದೆ.

ಬರವಣಿಗೆ ಹೀಗೆ ನೆಲ ಕಚ್ಚುತ್ತಿದ್ದಾಗ ಬದುಕು ಮಾತ್ರ ಯಾಕೋ ಸುಧಾರಿಸುತ್ತಿತ್ತು. ನಲ್ಲಿಯಲ್ಲಿ ಬೆಳಿಗ್ಗೆ ಎಂಟರ ತನಕ ನೀರು. ರಾಜಮ್ಮ ಹೊಸ ಮೋಟಾರ್ ಹಾಕಿಸಿರಬೇಕು ಎಂದುಕೊಂಡೆ. ಮ್ಯಾನೇಜರ್ ನಿಜಕ್ಕೂ ಎರಡೇ ಮಾತಾಡಿ ಕುಳಿತರು. ಗಂಟಲು ಕೆಟ್ಟಿರಬೇಕು, ಪಾಪ. ಭಾವ ಬಂದು ಊಟ ಮಾಡಿ, ಸೈಟಿನ ಸುದ್ದಿಯೇ ಎತ್ತದೆ ಹೊರಟರು. ಇವರಿಗೇನಾಯಿತು ಎಂದು ಅಕ್ಕನಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸಿದೆ.

ಗುಟ್ಟು ಬಯಲಾದದ್ದು ಕಂಪನಿ ಬಸ್ಸಿನಲ್ಲಿ. ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಬಸ್ಸು ಎಂದಿನಂತೆ ನಿಂತಿದ್ದಾಗ ಪಕ್ಕದಲ್ಲಿದ್ದ ಸಹೋದ್ಯೋಗಿ ವಸುಧಾ, "ಏನ್ರೀ, ಬ್ಲಾಗ್ ಬಿಟ್ಬಿಟ್ರಾ? ಸ್ಟೇಟಸ್ಸೇ ಹಾಕಲ್ವಲ್ಲ ನೀವು" ಎಂದಳು. ಹಾಕುತ್ತಲೇ ಇದ್ದೇನಲ್ಲ ಎಂದು ಫೋನ್ ತೆಗೆದು ತೋರಿಸಿದೆ. ಅವಳು ಅಲ್ಲಿ ಇಲ್ಲಿ ಒತ್ತಿ ನೋಡಿ, ಬಸ್ಸೆಲ್ಲ ತಿರುಗುವಂತೆ ನಕ್ಕಳು. 'ಇವರನ್ನು ಬಿಟ್ಟು ಉಳಿದವರಿಗೆ' ಎಂದು ಒತ್ತಬೇಕಾದಲ್ಲಿ ನಾನು 'ಇವರಿಗೆ ಮಾತ್ರ' ಎಂದು ಒತ್ತಿದ್ದೆ. ಇಷ್ಟು ತಿಂಗಳು ನಾನು ಬರೆದದ್ದನ್ನೆಲ್ಲ ಈ ಲೋಕದಲ್ಲಿ ರಾಜಮ್ಮ, ಮ್ಯಾನೇಜರ್, ಭಾವ ಮೂವರೇ ಓದಿದ್ದರು.

ಬಸ್ಸಿನಲ್ಲೇ ಎಲ್ಲವನ್ನೂ ತಿದ್ದಿದೆ. ಮೂವರಿಗೂ ಬಾಗಿಲು ಹಾಕಿ, ಉಳಿದವರಿಗೆಲ್ಲ ತೆರೆದೆ. ಆ ವಾರ ಟ್ರಾಫಿಕ್ ಬಗ್ಗೆ, ಯಾರಿಗೂ ನೋವಾಗದಂಥ ಒಂದು ಪ್ರಬಂಧ ಹಾಕಿದೆ. ಹೃದಯದ ಚಿತ್ರಗಳು ಬಂದವು, ಕೈಮುಗಿದ ಚಿತ್ರಗಳು ಬಂದವು, "ಸೂಪರ್" ಬಂತು. ನೋಡಿ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೆ ಏನು ಬರೆದಿದ್ದೆ ಎಂದು ಒಬ್ಬರೂ ಮಾತಾಡಲಿಲ್ಲ.

ರಾಜಮ್ಮನವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡೆ.

"ಯಾಕಮ್ಮಾ, ಈ ವಾರ ಏನೂ ಆಕಿಲ್ಲ? ನನ್ ಮ್ಯಾಲೆ ಬೇಜಾರಾ?"

ನಾನು ಚೀಲದಲ್ಲಿ ಬೀಗದ ಕೈ ಹುಡುಕುವವಳಂತೆ ನಟಿಸಿದೆ.

"ಮಖದ್ ಮೇಲೆ ಯೇಳಕ್ಕೆ ನಾಚ್ಕೆ ಅಂತ ನನಗೇ ಬರ್ದು ಕಳಿಸ್ತಿದ್ದೀಯ ಅನ್ಕಂಡಿದ್ದೆ. ಮೋಟ್ರು ವಿಸ್ಯ ನೀ ಬರ್ದಿದ್ದು ನಿಜವೇ. ಆದ್ರೆ ಜಿಪುಣಿ ಅಂದ್ಯಲ್ಲ, ಅದು ಸರಿಯಿಲ್ಲ ಕಣಮ್ಮಾ. ಬೋರ್ ಬತ್ತೋಗಿತ್ತು. ಕೆಳ್ಗಡೆ ಬಾಣಂತಿ ಅವ್ಳೆ, ಅವ್ಳಿಗೆ ಇರ್ಲಿ ಅಂತ ಆರಿಸ್ತಿದ್ದೆ. ಈಗ ಟ್ಯಾಂಕ್ರು ತರಿಸ್ತಿವ್ನಿ. ಓದಿ ಒಂದಿನ ಊಟ ಸೇರ್ಲಿಲ್ಲ ನಂಗೆ."

ನಾನು ಬರೆದದ್ದನ್ನು ಓದಿ ಯಾರಾದರೂ ಅಲುಗಾಡಲಿ ಎಂದು ಎಷ್ಟು ಹಂಬಲಿಸಿದ್ದೆ! ಇಲ್ಲೊಬ್ಬರು ಊಟ ಬಿಟ್ಟಿದ್ದರು, ಬಿಟ್ಟೂ ಮೋಟಾರ್ ಹಾಕಿದ್ದರು. "ತಪ್ಪಾಯ್ತಮ್ಮ" ಎಂದೆ. "ತಪ್ಪಿನ್ ಮಾತು ಬುಡು. ನಮ್ದೆಲ್ಲ ಆಯ್ತಲ್ಲ, ಇನ್ ನಿನ್ ವಿಸ್ಯ ಬರಿ, ನೋಡನ" ಎಂದರು.

ಹೀಗಾಗಿ ಬ್ಲಾಗ್ ಮುಚ್ಚಲಿಲ್ಲ, ಮೂವರಿಗೂ ಬಾಗಿಲು ತೆಗೆದಿದ್ದೇನೆ. ಎಲ್ಲರೂ ಓದುವವರೇ ಆದ ಮೇಲೆ ಹುರಿಯುವುದಕ್ಕೆ ಉಳಿದವಳು ನಾನೊಬ್ಬಳೇ. ಆದ್ದರಿಂದ ನನ್ನ ವಿಷಯವನ್ನೇ ಇಷ್ಟುದ್ದ ಬರೆದು, ಎಲ್ಲರಿಗಿಂತ ಮೊದಲು ರಾಜಮ್ಮನವರ ಕೈಗೆ ಫೋನ್ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಗೇಟಿನ ಬಳಿಯೇ ನಿಂತು, ತುಟಿ ಆಡಿಸುತ್ತ ಪೂರ್ತಿ ಓದಿದರು.

"ನಿನ್ ವಿಸ್ಯ ಬರಿ ಅಂದ್ರೂ ನನ್ ಮೋಟ್ರು ಬಿಡ್ಲಿಲ್ಲ ನೀನು" ಎಂದು ಫೋನ್ ಹಿಂದಕ್ಕೆ ಕೊಟ್ಟು ಒಳಗೆ ಹೋದರು. ನಾನು ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಮೋಟಾರಿನ ಸದ್ದು ಕೇಳಿಸಿತು.