ಕೈ ಎಟುಕದ ಅಂಗೈಯಗಲ

ಮನುಷ್ಯನ ಬೆನ್ನ ನಡುವೆ ಅಂಗೈಯಗಲದ ಒಂದು ಜಾಗವಿದೆ. ಅದು ಅವನದೇ ಆದರೂ ಅವನ ಕೈ ಅಲ್ಲಿಗೆ ಹೋಗುವುದಿಲ್ಲ. ಹೆಗಲ ಮೇಲಿನಿಂದ ಹೋದರೆ ಒಂದು ಗೇಣು ಕಡಿಮೆ, ಸೊಂಟದ ಕಡೆಯಿಂದ ಬಂದರೆ ನಾಲ್ಕು ಬೆರಳು ಕಡಿಮೆ. ನನ್ನ ಸೋರಿಯಾಸಿಸ್ ಇಡೀ ಮೈಯನ್ನು ಬಿಟ್ಟು ಸರಿಯಾಗಿ ಅಲ್ಲೇ ಬಂದು ಕೂತಿದೆ.

ಮೆಹದಿಪಟ್ಟಣಂನ ಈ ಕೋಣೆಯಲ್ಲಿ ಮೊದಲು ನಾವು ಮೂವರಿದ್ದೆವು. ಮೂವರೂ ಜೀವರಸಾಯನಶಾಸ್ತ್ರ ಓದಿದವರು, ಪಟಾನ್‌ಚೆರುವಿನ ಔಷಧ ಕಾರ್ಖಾನೆಗೆ ಒಂದೇ ಬಸ್ಸು ಹಿಡಿಯುತ್ತಿದ್ದವರು. ಆಮೇಲೆ ಊರಿಗೆ ಊರೇ ಕಂಪ್ಯೂಟರ್ ಕಲಿಯತೊಡಗಿತು. ಅವರಿಬ್ಬರೂ ಕೋರ್ಸು ಮುಗಿಸಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಗಾಜಿನ ಕಟ್ಟಡಗಳ ಕಡೆ ಮನೆ ಮಾಡಿದರು. ಎಲ್ಲವನ್ನೂ ಅನುಮಾನಿಸುವ ನಾನು, ಈ ಭರಾಟೆ ಹೆಚ್ಚು ದಿನ ನಡೆಯದೆಂದು ಅನುಮಾನಿಸಿ ಇಲ್ಲೇ ಉಳಿದೆ. ಮುಲಾಮು ಹಚ್ಚಲು ಒಂದು ಕೈಯೂ ಇಲ್ಲದಂತಾದದ್ದು ಹೀಗೆ. ಸ್ಕೇಲಿನ ತುದಿಗೆ ಹತ್ತಿ ಕಟ್ಟಿ ನೋಡಿದೆ. ಮುಲಾಮಿನಿಂದ ಗುಣ ಕಂಡದ್ದು ಬನಿಯನ್ನಿಗೆ ಮಾತ್ರ.

ಚರ್ಮದ ಡಾಕ್ಟರಮ್ಮ ವಿವರಿಸಿದರು. ರೋಗ ತಡೆಯುವ ಕೆಲವು ಜೀವಕೋಶಗಳು ಇಂಟರ್‌ಲ್ಯೂಕಿನ್-17 ಎಂಬ ಪ್ರೋಟೀನನ್ನು ಸುರಿಸುತ್ತವೆ. ಸೋಂಕು ಬಂದಾಗ ಕೂಗಿ ನೆರೆಹೊರೆಯನ್ನು ಎಬ್ಬಿಸುವುದು ಅದರ ಕೆಲಸ. ನನ್ನಲ್ಲಿ ಅದು ಕಳ್ಳರಿಲ್ಲದಿದ್ದರೂ ಕೂಗುತ್ತದೆ. ಗಾಬರಿಗೊಂಡ ಚರ್ಮ ಅವಸರವಸರವಾಗಿ ಬೆಳೆದು ಹೊಟ್ಟಿನಂತೆ ಉದುರುತ್ತದೆ. ಕಲೆ ಮಾಸಿದ ಮೇಲೂ ಕೂಗುವ ಕೋಶಗಳಲ್ಲಿ ಕೆಲವು ಅಲ್ಲೇ ಬೀಡುಬಿಟ್ಟಿರುತ್ತವೆ, ಅದಕ್ಕೇ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಚರ್ಮಕ್ಕೂ ನೆನಪಿದೆ ಎಂದರು.

ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲ, ಚಿಕ್ಕಂದಿನಿಂದ ನನಗೊಬ್ಬನಿಗೇ ಎಂದೆ. ಬೀದರಿನ ಮನೆಯ ಪಡಸಾಲೆಯಲ್ಲಿ ಅಪ್ಪ ನನ್ನ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಅಪ್ಪ ಹೋಗಿ ಬಹಳ ವರ್ಷವಾಯಿತು, ಅಂಗೈಯ ಬಿಸುಪು ಮಾತ್ರ ಉಳಿದಿತ್ತು. ನಾನು ಅನುಮಾನಿಸದೆ ಇಟ್ಟುಕೊಂಡದ್ದು ಅದೊಂದನ್ನೇ. ಆದರೂ ಖಾತರಿಗಿರಲಿ ಎಂದು ಅಕ್ಕನಿಗೆ ಫೋನ್ ಮಾಡಿದೆ.

"ನಿನ್ನ ಬೆನ್ನೇನೋ ತಮ್ಮಾ?" ಅಕ್ಕ ನಕ್ಕಳು. "ಹೊಟ್ಟು ಉದರತಿದ್ದದ್ದು ಅಪ್ಪನ ಬೆನ್ನು. ಎಣ್ಣಿ ಹಚ್ಚಾಂವ ನೀನ. ಗ್ವಾಡಿಗಿ ಸುಣ್ಣಾ ಬಳದಂಗ ಹಚ್ಚತಿದ್ದಿ, ಅಪ್ಪ ಬೈತಿದ್ದ."

ಡಾಕ್ಟರಮ್ಮನಿಗೆ ಬೇಕಾದ ಮಾಹಿತಿ ಸಿಕ್ಕಿತು. ನನ್ನ ಬೆನ್ನ ಮೇಲಿದ್ದ ಒಂದೇ ಒಂದು ಕೈ ಹೋಯಿತು.

ಅಕ್ಕನ ನೆನಪನ್ನೂ ಅನುಮಾನಿಸಬಹುದಿತ್ತು. ಆದರೆ ಸುಣ್ಣದ ಮಾತು ನನ್ನ ಕೈಗುಣಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಬಿಸುಪೂ ಸುಳ್ಳಲ್ಲ, ಅದು ನನ್ನ ಅಂಗೈಗೆ ತಾಗಿದ ಅಪ್ಪನ ಬೆನ್ನಿನದು. ಯಾರು ಯಾರನ್ನು ಮುಟ್ಟಿದರು ಎಂಬುದನ್ನು ಚರ್ಮ ಅಷ್ಟಾಗಿ ನೆನಪಿಡುವುದಿಲ್ಲವೇನೋ. ಆ ಪ್ರೋಟೀನಿನ ಬಗ್ಗೆಯೂ ಯೋಚಿಸಿದೆ. ಪಕ್ಕದ ಕೋಶ ಕೇಳಿಸಿಕೊಳ್ಳುತ್ತದೆಂಬ ಭರವಸೆಯಿಂದಲೇ ಅದು ಕೂಗುವುದು. ನಾನು ಈ ಕಟ್ಟಡದಲ್ಲಿ ಇದುವರೆಗೆ ಯಾರನ್ನೂ ಕೂಗಿರಲಿಲ್ಲ.

ಮರುದಿನ ಸಂಜೆ ಮುಲಾಮು ಹಿಡಿದು ಕೆಳಗಿನ ಮನೆಯ ಶರಣಪ್ಪನವರ ಬಾಗಿಲು ತಟ್ಟಿದೆ. ಕಲಬುರ್ಗಿಯವರು, ರಕ್ಷಣಾ ಇಲಾಖೆಯ ಘಟಕವೊಂದರಿಂದ ನಿವೃತ್ತರಾಗಿ ಒಬ್ಬರೇ ಇದ್ದರು. ಮೆಟ್ಟಿಲ ಮೇಲೆ ಸಿಕ್ಕರೆ ನಮಸ್ಕಾರ, ಅಷ್ಟೇ ಪರಿಚಯ. ಇದು ಅಂಟುವ ರೋಗವಲ್ಲ, ಒಳಗಿನ ಪ್ರೋಟೀನೊಂದರ ಅವಾಂತರ ಎಂದು ನಾನು ನಿಂತಲ್ಲೇ ಪಾಠ ಶುರುಮಾಡಿದೆ.

"ಭಾಷಣ ಆಮ್ಯಾಲ ಮಾಡ್ರಿ ಸಾಹೇಬ್ರ, ಮೊದಲ ಅಂಗಿ ತಗೀರಿ" ಅಂದರು.

ಅವರ ಕೈ ಒರಟಾಗಿತ್ತು, ಬೆಚ್ಚಗಿತ್ತು. ಹಚ್ಚಿ ಮುಗಿಸಿ ಕೈ ತೊಳೆದು ಬಂದವರು ಕಪಾಟಿನಿಂದ ನೋವಿನ ಎಣ್ಣೆಯ ಸೀಸೆ ತೆಗೆದರು. ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ತಿರುಗಿಸುತ್ತಿದ್ದರು.

"ಈ ಹೆಗಲಾ ಭಾಳ ದಿನದಿಂದ ಹಿಡದೈತ್ರಿ. ಯಾರಿಗಿ ಹೇಳೂದು?"

ನನಗೆ ಬೆನ್ನು ಮಾಡಿ ಕೂತರು. ನಾನು ಹಚ್ಚಿದೆ. ಮುಂದೆ ಎಂದಾದರೂ ಈ ಸಂಜೆಯ ಬಗ್ಗೆ ಹೇಳುವಾಗ ಯಾರ ಕೈ, ಯಾರ ಬೆನ್ನು ಎಂಬುದನ್ನು ನಾನು ಖಂಡಿತ ತಪ್ಪು ಹೇಳುತ್ತೇನೆ. ಕೇಳಿದವರು ಹಾಗೆಯೇ ನಂಬಿದರೂ ಅಡ್ಡಿಯಿಲ್ಲ. ಎರಡೂ ನಡೆದದ್ದೇ.